‘4 + 3’ ಸೂತ್ರದಿಂದ ಐದೇ ನಿಮಿಷದಲ್ಲಿ ಪಿಯಾನೋ ಬರುತ್ತದೆಯೇ? ಮೇಜರ್ ಕಾರ್ಡ್‌ಗಳ ಬಗ್ಗೆ ನಿಜವೆಷ್ಟು, ಸುಳ್ಳೆಷ್ಟು

“ಪಿಯಾನೋ ಕಲಿಯಲು ವರ್ಷಗಟ್ಟಲೆ ಬೇಕಿಲ್ಲ. 4 ಮತ್ತು 3 ಎಂಬ ಎರಡು ಅಂಕಿ ನೆನಪಿಟ್ಟುಕೊಂಡರೆ ಐದೇ ನಿಮಿಷದಲ್ಲಿ ಎಲ್ಲ 12 ಮೇಜರ್ ಕಾರ್ಡ್‌ಗಳು ನಿಮ್ಮ ಕೈಯಲ್ಲಿ!” ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಅದರ ಬೆನ್ನಿಗೇ ಇನ್ನೊಂದು ಬಗೆಯ ಸಂದೇಶವೂ ಬರುತ್ತದೆ: “ಹತ್ತು ವರ್ಷದೊಳಗೆ ಕೀಬೋರ್ಡ್ ಮುಟ್ಟದಿದ್ದರೆ ಮುಂದೆ ಎಷ್ಟೇ ಕಷ್ಟಪಟ್ಟರೂ ಬರುವುದಿಲ್ಲ, ಇಂದೇ ಮಕ್ಕಳನ್ನು ಸೇರಿಸಿ.”

ಮೊದಲನೆಯದಕ್ಕೆ ಐದು ನಿಮಿಷ ಸಾಕು. ಎರಡನೆಯದಕ್ಕೆ ಇಡೀ ಜನ್ಮವೂ ಸಾಲದು. ಈ ಎರಡನ್ನೂ ನಮಗೆ ಕಳುಹಿಸಿದ ಓದುಗರೊಬ್ಬರು ಹೀಗೆ ಕೇಳಿದ್ದಾರೆ: “ನನಗೆ ಈಗ 58. ಮೊಮ್ಮಗಳು ಬಿಟ್ಟುಹೋದ ಕೀಬೋರ್ಡ್ ಅಟ್ಟದ ಮೇಲಿದೆ. ಕೆಳಗಿಳಿಸಲೋ ಬೇಡವೋ?”

ನ್ಯಾಯವಾದ ಪ್ರಶ್ನೆ. ಈ ಸಂದೇಶಗಳಲ್ಲಿ ಮತ್ತೆ ಮತ್ತೆ ಕಾಣುವ ಆರು ಹೇಳಿಕೆಗಳನ್ನು ಒಂದೊಂದಾಗಿ ನೋಡೋಣ.

ಒಂದೇ ನೋಟದಲ್ಲಿ

- 4 + 3 ಸೂತ್ರದಿಂದ ಎಲ್ಲ 12 ಮೇಜರ್ ಕಾರ್ಡ್ ಸಿಗುತ್ತವೆ: ನಿಜ
- ಈ ಕಾರ್ಡ್ ಪ್ರಕೃತಿಯಲ್ಲೇ ಇದೆ, ಪಿಯಾನೋ ಅದನ್ನು ಹಾಗೇ ನುಡಿಸುತ್ತದೆ: ಅರ್ಧ ನಿಜ
- ಮೇಜರ್ ಎಂದರೆ ಸಂತೋಷ, ಮೈನರ್ ಎಂದರೆ ದುಃಖ, ಇದು ಇಡೀ ಜಗತ್ತಿಗೆ ಒಂದೇ: ಅರ್ಧ ನಿಜ
- ಐದು ನಿಮಿಷದಲ್ಲಿ ಕೈಗೆ ಬರುತ್ತದೆ: ದಾರಿ ತಪ್ಪಿಸುವ ಮಾತು
- ವಯಸ್ಸು ಮೀರಿದರೆ, ಬೆರಳು ಗಿಡ್ಡವಿದ್ದರೆ ಆಗದು: ಸುಳ್ಳು
- 432 ಹರ್ಟ್ಸ್‌ಗೆ ಶ್ರುತಿ ಮಾಡಿದರೆ ರೋಗ ವಾಸಿ: ಆಧಾರವಿಲ್ಲ

ಮೊದಲು, ಕಾರ್ಡ್ ಎಂದರೇನು?

ಮೂರು ಅಥವಾ ಹೆಚ್ಚು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅದು ಕಾರ್ಡ್. ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಸ್ವರಗಳು ಒಂದಾದ ಮೇಲೊಂದು ಬರುತ್ತವೆ. ಪಾಶ್ಚಾತ್ಯ ಸಂಗೀತದಲ್ಲಿ ಹಲವು ಸ್ವರಗಳು ಒಂದೇ ಕ್ಷಣದಲ್ಲಿ ಕೂಡಿ ಬರುವುದಕ್ಕೂ ದೊಡ್ಡ ಸ್ಥಾನವಿದೆ. ಸಿನಿಮಾ ಹಾಡಿನಲ್ಲಿ, ಸುಗಮ ಸಂಗೀತದ ವೇದಿಕೆಯಲ್ಲಿ ಗಾಯಕರ ಹಿಂದೆ ಕೀಬೋರ್ಡಿನವರು ಒಮ್ಮೆಗೇ ಮೂರು ಬೆರಳು ಒತ್ತಿ ಹಿಡಿಯುತ್ತಾರಲ್ಲ, ಅದೇ ಇದು.

ಇವುಗಳಲ್ಲಿ ತೀರಾ ಮೂಲಭೂತವಾದದ್ದು ಮೇಜರ್ ಕಾರ್ಡ್. ಕರ್ನಾಟಕ ಸಂಗೀತದ ಸರಳೆ ವರಸೆ ಹಾಡಿದ ಯಾರಿಗಾದರೂ ಇದರ ಮೂರು ಸ್ವರಗಳು ಆಗಲೇ ಗೊತ್ತು: ಷಡ್ಜ, ಅಂತರ ಗಾಂಧಾರ, ಪಂಚಮ. ಸರಳೆ ವರಸೆಯ ಮಾಯಾಮಾಳವಗೌಳ ರಾಗದಲ್ಲಿ ಇರುವುದೂ ಅಂತರ ಗಾಂಧಾರವೇ. ಆ ಸ-ಗ-ಪ ಮೂರನ್ನೂ ಒಂದೇ ಸಲಕ್ಕೆ ಒತ್ತಿದರೆ ಮೇಜರ್ ಕಾರ್ಡ್ ಆಯಿತು.

ಹೇಳಿಕೆ 1: ‘4 + 3 ಸೂತ್ರದಿಂದ ಎಲ್ಲ 12 ಮೇಜರ್ ಕಾರ್ಡ್‌ಗಳು ಸಿಗುತ್ತವೆ’

ಇದು ನಿಜ. ನಂಬಬೇಕಿಲ್ಲ, ನೀವೇ ಪರೀಕ್ಷಿಸಬಹುದು. ಮನೆಯಲ್ಲಿ ಕೀಬೋರ್ಡ್ ಇಲ್ಲದಿದ್ದರೆ ಫೋನಿನಲ್ಲಿ ಯಾವುದಾದರೂ ಉಚಿತ ಪಿಯಾನೋ ಆ್ಯಪ್ ಸಾಕು.

ಪೂರ್ಣ ಗಾತ್ರದ ಪಿಯಾನೋದಲ್ಲಿ 88 ಕೀಗಳಿರುತ್ತವೆ: 52 ಬಿಳಿ, 36 ಕಪ್ಪು. ನೋಡಿದರೆ ತಲೆ ತಿರುಗುತ್ತದೆ, ಆದರೆ ಅಲ್ಲಿರುವುದು 12 ಕೀಗಳ ಒಂದೇ ವಿನ್ಯಾಸ. ಅದೇ ಮತ್ತೆ ಮತ್ತೆ ಬರುತ್ತದೆ. ಕಪ್ಪು ಕೀಗಳನ್ನು ಗಮನಿಸಿ: ಎರಡರ ಗುಂಪು, ಮೂರರ ಗುಂಪು, ಮತ್ತೆ ಎರಡು, ಮತ್ತೆ ಮೂರು. ಎರಡು ಕಪ್ಪು ಕೀಗಳ ಗುಂಪಿಗೆ ಎಡಕ್ಕೆ ಅಂಟಿಕೊಂಡಿರುವ ಬಿಳಿ ಕೀಗೆ ‘ಸಿ’ ಎಂದು ಹೆಸರು. ಹಾರ್ಮೋನಿಯಂ ಬಲ್ಲವರು ‘ಬಿಳಿ ಒಂದು’ ಎನ್ನುವುದು ಇದನ್ನೇ. ಅಲ್ಲಿಂದ ಬಲಕ್ಕೆ ಬಿಳಿ ಕೀಗಳ ಹೆಸರು ಕ್ರಮವಾಗಿ ಸಿ, ಡಿ, ಇ, ಎಫ್, ಜಿ, ಎ, ಬಿ. ಒಂದು ಬಿಳಿ ಕೀಗೆ ಬಲಕ್ಕಿರುವ ಕಪ್ಪು ಕೀಯನ್ನು ಅದರ ‘ಶಾರ್ಪ್’ ಎನ್ನುತ್ತಾರೆ. ಇ ಮತ್ತು ಎಫ್ ನಡುವೆ, ಬಿ ಮತ್ತು ಸಿ ನಡುವೆ ಕಪ್ಪು ಕೀ ಇಲ್ಲ.

ಈಗ ಎಣಿಕೆ. ಒಂದು ಕೀಯಿಂದ ಅದರ ಪಕ್ಕದ ಕೀಗೆ, ಕಪ್ಪಾಗಲಿ ಬಿಳಿಯಾಗಲಿ, ಒಂದು ಹೆಜ್ಜೆ. ಸಂಗೀತಗಾರರು ಇದನ್ನು ಸೆಮಿಟೋನ್ ಎನ್ನುತ್ತಾರೆ. ಸಿ ಮೇಲೆ ಬೆರಳಿಡಿ. ಅಲ್ಲಿಂದ ನಾಲ್ಕು ಹೆಜ್ಜೆ: ಸಿ ಶಾರ್ಪ್, ಡಿ, ಡಿ ಶಾರ್ಪ್, ಇ. ಎರಡನೇ ಸ್ವರ ಇ ಸಿಕ್ಕಿತು. ಅಲ್ಲಿಂದ ಮೂರು ಹೆಜ್ಜೆ: ಎಫ್, ಎಫ್ ಶಾರ್ಪ್, ಜಿ. ಮೂರನೇ ಸ್ವರ ಜಿ. ಸಿ-ಇ-ಜಿ ಮೂರನ್ನೂ ಒಟ್ಟಿಗೆ ಒತ್ತಿ. ಇದು ಸಿ ಮೇಜರ್.

ಹೊಸಬರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ನಿಂತ ಕೀಯನ್ನೇ ‘ಒಂದು’ ಎಂದು ಎಣಿಸಿಬಿಡುತ್ತಾರೆ. ಮೆಟ್ಟಿಲು ಹತ್ತುವಾಗ ನಿಂತ ಮೆಟ್ಟಿಲನ್ನು ಎಣಿಸುವುದಿಲ್ಲ ಅಲ್ಲವೇ? ಇಲ್ಲೂ ಹಾಗೆಯೇ.

ಈ ಎಣಿಕೆಯನ್ನು 12 ಕೀಗಳಲ್ಲಿ ಯಾವುದರಿಂದ ಶುರು ಮಾಡಿದರೂ ಮೇಜರ್ ಕಾರ್ಡೇ ಬರುತ್ತದೆ, ಶುರುವಾದ ಕೀಯ ಹೆಸರೇ ಕಾರ್ಡಿನ ಹೆಸರು. ಆದರೆ ಪ್ರತಿ ಸಲ ಎಣಿಸುತ್ತ ಕೂತರೆ ಹಾಡು ಮುಗಿದೇಹೋಗುತ್ತದೆ. ಅದಕ್ಕೆ ಬಣ್ಣದ ಪ್ರಕಾರ ಗುಂಪು ಮಾಡಿಕೊಳ್ಳುವುದು ಸುಲಭ.

ಮೂರೂ ಬಿಳಿ:
- ಸಿ ಮೇಜರ್: ಸಿ, ಇ, ಜಿ
- ಎಫ್ ಮೇಜರ್: ಎಫ್, ಎ, ಸಿ
- ಜಿ ಮೇಜರ್: ಜಿ, ಬಿ, ಡಿ

ಬಿಳಿ, ಕಪ್ಪು, ಬಿಳಿ:
- ಡಿ ಮೇಜರ್: ಡಿ, ಎಫ್ ಶಾರ್ಪ್, ಎ
- ಇ ಮೇಜರ್: ಇ, ಜಿ ಶಾರ್ಪ್, ಬಿ
- ಎ ಮೇಜರ್: ಎ, ಸಿ ಶಾರ್ಪ್, ಇ

ಕಪ್ಪು, ಬಿಳಿ, ಕಪ್ಪು:
- ಸಿ ಶಾರ್ಪ್ ಮೇಜರ್: ಸಿ ಶಾರ್ಪ್, ಎಫ್, ಜಿ ಶಾರ್ಪ್
- ಡಿ ಶಾರ್ಪ್ ಮೇಜರ್: ಡಿ ಶಾರ್ಪ್, ಜಿ, ಎ ಶಾರ್ಪ್
- ಜಿ ಶಾರ್ಪ್ ಮೇಜರ್: ಜಿ ಶಾರ್ಪ್, ಸಿ, ಡಿ ಶಾರ್ಪ್

ಯಾವ ಗುಂಪಿಗೂ ಸೇರದ ಮೂರು:
- ಎಫ್ ಶಾರ್ಪ್ ಮೇಜರ್: ಎಫ್ ಶಾರ್ಪ್, ಎ ಶಾರ್ಪ್, ಸಿ ಶಾರ್ಪ್ (ಮೂರೂ ಕಪ್ಪು)
- ಬಿ ಮೇಜರ್: ಬಿ, ಡಿ ಶಾರ್ಪ್, ಎಫ್ ಶಾರ್ಪ್ (ಬಿಳಿ, ಕಪ್ಪು, ಕಪ್ಪು)
- ಎ ಶಾರ್ಪ್ ಮೇಜರ್: ಎ ಶಾರ್ಪ್, ಡಿ, ಎಫ್ (ಕಪ್ಪು, ಬಿಳಿ, ಬಿಳಿ)

ಪುಸ್ತಕಗಳಲ್ಲಿ ಕಪ್ಪು ಕೀಗಳಿಗೆ ‘ಫ್ಲಾಟ್’ ಎಂಬ ಇನ್ನೊಂದು ಹೆಸರೂ ಕಾಣುತ್ತದೆ. ಎ ಶಾರ್ಪ್ ಮತ್ತು ಬಿ ಫ್ಲಾಟ್ ಪಿಯಾನೋದಲ್ಲಿ ಒಂದೇ ಕೀ. ನಿಮ್ಮ ಪುಸ್ತಕದಲ್ಲಿ ಬಿ ಫ್ಲಾಟ್ ಮೇಜರ್ ಎಂದಿದ್ದರೆ ಗಾಬರಿ ಬೇಡ, ಮೇಲಿನ ಪಟ್ಟಿಯ ಕೊನೆಯದೇ ಅದು.

ಹೇಳಿಕೆ 2: ‘ಈ ಕಾರ್ಡ್ ಪ್ರಕೃತಿಯಲ್ಲೇ ಇದೆ, ಪಿಯಾನೋ ಅದನ್ನು ಹಾಗೇ ನುಡಿಸುತ್ತದೆ’

ಮೊದಲ ಅರ್ಧ ನಿಜ. ತಂತಿಯೊಂದನ್ನು ಮೀಟಿದಾಗ ಅದು ಇಡಿಯಾಗಿ ಮಾತ್ರ ಕಂಪಿಸುವುದಿಲ್ಲ. ಅದೇ ಹೊತ್ತಿಗೆ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು, ಐದು, ಆರು ಭಾಗವಾಗಿಯೂ ಕಂಪಿಸುತ್ತದೆ. ಹಾಗಾಗಿ ಮೂಲ ಸ್ವರದ ಜತೆಗೆ ಅದರ ಎರಡು ಪಟ್ಟು, ಮೂರು ಪಟ್ಟು ಹೀಗೆ ಮೇಲಿನ ಕಂಪನಗಳೂ ಸಣ್ಣದಾಗಿ ಕೇಳುತ್ತವೆ. ಇವುಗಳಲ್ಲಿ ನಾಲ್ಕು, ಐದು, ಆರನೆಯವನ್ನು ಆರಿಸಿಕೊಂಡರೆ ಅದೇ ಮೇಜರ್ ಕಾರ್ಡ್. ಎಂದರೆ ಅದರ ಮೂರು ಸ್ವರಗಳ ಕಂಪನ 4:5:6 ಪ್ರಮಾಣದಲ್ಲಿರುತ್ತದೆ.

ಇದಕ್ಕೆ ತಂಬೂರಿಯೇ ಸಾಕ್ಷಿ. ತಂಬೂರಿಯಲ್ಲಿ ಗಾಂಧಾರಕ್ಕೆಂದು ಯಾವ ತಂತಿಯೂ ಇಲ್ಲ. ಆದರೂ ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯ ಮಂದ್ರ ಷಡ್ಜದ ತಂತಿಯಿಂದ ಅಂತರ ಗಾಂಧಾರ ತಾನಾಗಿ ಕೇಳಿಬರುತ್ತದೆ. ಸಂಗೀತಗಾರರು ಅದನ್ನು ‘ಸ್ವಯಂಭೂ ಗಾಂಧಾರ’ ಎನ್ನುತ್ತಾರೆ. ಆ ತಂತಿಯ ಐದನೇ ಭಾಗದ ಕಂಪನ ಅದು.

ಎರಡನೇ ಅರ್ಧ ಸುಳ್ಳು. ಇಂದಿನ ಪಿಯಾನೋದಲ್ಲಿ ಮೇಜರ್ ಕಾರ್ಡ್ ಸರಿಯಾಗಿ 4:5:6 ಆಗಿರುವುದಿಲ್ಲ. ಪಿಯಾನೋದ ನಡುವಣ ಸಿ ಸೆಕೆಂಡಿಗೆ ಸುಮಾರು 261.63 ಸಲ ಕಂಪಿಸುತ್ತದೆ. ಶುದ್ಧ ಪ್ರಮಾಣದಲ್ಲಿದ್ದರೆ ಅದರ ಇ 327.03 ಆಗಬೇಕಿತ್ತು, ಇರುವುದು 329.63. ಜಿ 392.44 ಆಗಬೇಕಿತ್ತು, ಇರುವುದು 392.00. ಎಂದರೆ ಪಂಚಮ ಹೆಚ್ಚುಕಡಿಮೆ ಸರಿ ಇದೆ, ಗಾಂಧಾರ ಮಾತ್ರ ತುಸು ಮೇಲಕ್ಕಿದೆ.

ಇದು ತಯಾರಕರ ತಪ್ಪಲ್ಲ, ಬೇಕೆಂದೇ ಮಾಡಿಕೊಂಡ ರಾಜಿ. ಸಿ ಕಾರ್ಡಿಗೆ ಎಲ್ಲವನ್ನೂ ಶುದ್ಧವಾಗಿ ಶ್ರುತಿ ಮಾಡಿದರೆ ಬೇರೆ ಕೆಲವು ಕಾರ್ಡ್‌ಗಳು ಕಿವಿಗೆ ಚುಚ್ಚುವಷ್ಟು ಅಪಸ್ವರವಾಗುತ್ತವೆ. ಅದಕ್ಕೆ 12 ಹೆಜ್ಜೆಗಳನ್ನೂ ಸಮನಾಗಿ ಹಂಚಲಾಗಿದೆ. ಎಲ್ಲ ಕಾರ್ಡ್‌ಗಳೂ ಒಂದಿಷ್ಟೇ ಇಷ್ಟು ತಪ್ಪು, ಯಾವುದೂ ಪೂರಾ ಕೆಟ್ಟದ್ದಲ್ಲ. ನಮ್ಮ 4 + 3 ಸೂತ್ರ ಎಲ್ಲ ಕೀಗಳಿಗೂ ಒಂದೇ ಥರ ಹೊಂದುವುದು ಈ ರಾಜಿಯಿಂದಲೇ. ತಂಬೂರಿಗೆ ಒಗ್ಗಿದ ಕಿವಿಗೆ ಕೀಬೋರ್ಡಿನ ಗಾಂಧಾರ ಸ್ವಲ್ಪ ಬಿಗಿ ಅನ್ನಿಸಿದರೆ, ಆ ಕಿವಿಯದೇನೂ ದೋಷವಿಲ್ಲ.

ಹೇಳಿಕೆ 3: ‘ಮೇಜರ್ ಎಂದರೆ ಸಂತೋಷ, ಮೈನರ್ ಎಂದರೆ ದುಃಖ’

ಮೊದಲು ಹೆಸರಿನ ವಿಷಯ. ಇಲ್ಲಿ ಮೇಜರ್ ಎಂದರೆ ‘ಮುಖ್ಯವಾದದ್ದು’ ಎಂದಲ್ಲ, ‘ದೊಡ್ಡದು’ ಎಂದು. ಮೊದಲ ಮತ್ತು ನಡುವಣ ಸ್ವರಗಳ ಅಂತರ ಮೇಜರ್‌ನಲ್ಲಿ ನಾಲ್ಕು ಹೆಜ್ಜೆ, ಮೈನರ್‌ನಲ್ಲಿ ಮೂರು. ಸಿ ಮೇಜರ್ ಹಿಡಿದು, ನಡುವಿನ ಬೆರಳನ್ನು ಮಾತ್ರ ಒಂದು ಕೀ ಎಡಕ್ಕೆ ಸರಿಸಿ. ಸಿ, ಡಿ ಶಾರ್ಪ್, ಜಿ: ಇದು ಸಿ ಮೈನರ್. ಅಂತರ ಗಾಂಧಾರ ಹೋಗಿ ಸಾಧಾರಣ ಗಾಂಧಾರ ಬಂತು. ಸೂತ್ರ 3 + 4 ಆಯಿತು. ಒಂದೇ ಒಂದು ಕೀ ಬದಲಾಗಿದ್ದಕ್ಕೆ ಇಡೀ ಬಣ್ಣವೇ ಬದಲಾಗುವುದು ಕೇಳುತ್ತದೆ.

ಆ ಬಣ್ಣಕ್ಕೆ ಸಂತೋಷ, ದುಃಖ ಎಂದು ಹೆಸರಿಡುವುದು ಪಾಶ್ಚಾತ್ಯ ಸಂಗೀತದಲ್ಲಿ ಬಹುಮಟ್ಟಿಗೆ ಹೊಂದುತ್ತದೆ. ಸಿನಿಮಾ ನೋಡುತ್ತ ಬೆಳೆದ ನಮಗೂ ಅದು ಅಭ್ಯಾಸವಾಗಿದೆ. ಆದರೆ ‘ಇಡೀ ಜಗತ್ತಿಗೆ ಒಂದೇ’ ಎನ್ನುವಷ್ಟು ಪುರಾವೆ ಇಲ್ಲ.

2009ರಲ್ಲಿ ಥಾಮಸ್ ಫ್ರಿಟ್ಜ್ ಮತ್ತು ಸಂಗಡಿಗರು ಕ್ಯಾಮರೂನ್ ದೇಶದ ಮಾಫಾ ಸಮುದಾಯದವರಿಗೆ ಪಾಶ್ಚಾತ್ಯ ಸಂಗೀತದ ತುಣುಕುಗಳನ್ನು ಕೇಳಿಸಿದರು. ಆ ಸಂಗೀತದ ಪರಿಚಯವಿಲ್ಲದಿದ್ದರೂ ಅವರು ಸಂತೋಷ, ದುಃಖ, ಭಯ ಯಾವುದು ಎಂದು ಬರೀ ಊಹೆಗಿಂತ ಹೆಚ್ಚು ಸಲ ಸರಿಯಾಗಿ ಗುರುತಿಸಿದರು. ಆದರೆ ಆ ತುಣುಕುಗಳಲ್ಲಿ ಕಾರ್ಡ್ ಮಾತ್ರವಲ್ಲ, ವೇಗವೂ ಬೇರೆ ಬೇರೆಯಾಗಿತ್ತು. 2016ರಲ್ಲಿ ಜೋಶ್ ಮೆಕ್‌ಡರ್ಮಟ್ ಮತ್ತು ಸಂಗಡಿಗರು ಬೊಲಿವಿಯಾದ ಅಮೆಜಾನ್ ಕಾಡಿನ ಚಿಮಾನೆ ಜನರಿಗೆ ನಮ್ಮ ಕಿವಿಗೆ ಇಂಪಾದ ಮತ್ತು ಕರ್ಕಶವಾದ ಕಾರ್ಡ್‌ಗಳನ್ನು ಕೇಳಿಸಿದರು. ಅವರಿಗೆ ಎರಡೂ ಒಂದೇ ಥರ ಹಿತವಾಗಿದ್ದವು. ಯಾವುದು ಇಂಪು ಎನ್ನುವುದರಲ್ಲೇ ನಾವು ಕೇಳಿ ಬೆಳೆದ ಸಂಗೀತದ ಪಾಲು ದೊಡ್ಡದು ಎಂದಾಯಿತು.

ಇದಕ್ಕೆ ದೂರ ಹೋಗಬೇಕಿಲ್ಲ. ಶಂಕರಾಭರಣದಲ್ಲೂ ಮಾಯಾಮಾಳವಗೌಳದಲ್ಲೂ ಸ, ಅಂತರ ಗಾಂಧಾರ, ಪ ಮೂರೂ ಇವೆ. ಎರಡೂ ರಾಗಗಳನ್ನು ಕೇಳಿದವರು ಅವು ಒಂದೇ ಭಾವದವು ಎನ್ನಲಾರರು. ಮೂರು ಸ್ವರಗಳಷ್ಟೇ ಭಾವವನ್ನು ತೀರ್ಮಾನಿಸುವುದಿಲ್ಲ. ಸುತ್ತಲಿನ ಸ್ವರ, ಗಮಕ, ಕಾಲ, ಸಾಹಿತ್ಯ ಎಲ್ಲವೂ ಸೇರುತ್ತವೆ.

ಹೇಳಿಕೆ 4: ‘ಐದು ನಿಮಿಷದಲ್ಲಿ ಕೈಗೆ ಬರುತ್ತದೆ’

ತಲೆಗೆ ಬರುತ್ತದೆ. ಕೈಗೆ ಬರುವುದಿಲ್ಲ. ಸೈಕಲ್ ಹೇಗೆ ನಿಲ್ಲುತ್ತದೆ ಎಂದು ಓದಿ ತಿಳಿದುಕೊಂಡವರು ಸೈಕಲ್ ಹತ್ತಿ ಹೋಗಲಾರರು. ಯಾವ ಕೀ ಎಂದು ಗೊತ್ತಿರುವುದು ಒಂದು, ಹಾಡಿನ ನಡುವೆ ಎಣಿಸದೆ ಮೂರೂ ಬೆರಳು ಒಟ್ಟಿಗೆ ಅಲ್ಲಿಗೇ ಇಳಿಯುವುದು ಇನ್ನೊಂದು. ಎರಡನೆಯದಕ್ಕೆ ದಿನಗಳು ಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಹಾಗಂತ ಒಂದೇ ಭಾನುವಾರ ಐದು ಗಂಟೆ ಕುಳಿತರೆ ಆಗುತ್ತದೆಯೇ? ಇದರ ಬಗ್ಗೆ 1978ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸಬೇಕಿತ್ತು. ಕೆಲವರಿಗೆ ದಿನಕ್ಕೆ ಒಂದು ಗಂಟೆ, ಕೆಲವರಿಗೆ ಎರಡು ಗಂಟೆ, ಕೆಲವರಿಗೆ ನಾಲ್ಕು ಗಂಟೆ ಅಭ್ಯಾಸ ಕೊಟ್ಟರು. ಒಟ್ಟು ಗಂಟೆಗಳ ಲೆಕ್ಕದಲ್ಲಿ ಬೇಗ ಕಲಿತವರು ದಿನಕ್ಕೆ ಒಂದೇ ಗಂಟೆ ಕುಳಿತವರು. ತಮಾಷೆಯೆಂದರೆ, ತಮ್ಮ ವೇಳಾಪಟ್ಟಿಯ ಬಗ್ಗೆ ಅತಿ ಕಡಿಮೆ ತೃಪ್ತಿ ಇದ್ದದ್ದೂ ಅವರಿಗೇ. ದಿನಗಳ ಲೆಕ್ಕದಲ್ಲಿ ತಾವು ಹಿಂದುಳಿದಂತೆ ಅವರಿಗೆ ಅನ್ನಿಸುತ್ತಿತ್ತು.

ಫಾರ್ವರ್ಡ್‌ಗಳು ಗೆಲ್ಲುವುದು ಇಲ್ಲೇ. ನಿಧಾನವಾಗಿ ಸರಿಯಾಗಿ ಕಲಿಯುತ್ತಿರುವವರಿಗೂ ‘ನನ್ನಿಂದ ಆಗುತ್ತಿಲ್ಲ’ ಎನ್ನಿಸುತ್ತದೆ. ಐದು ನಿಮಿಷದ ಭರವಸೆ ಓದಿ ಕುಳಿತವರು ಆರನೇ ನಿಮಿಷಕ್ಕೆ ತಮ್ಮನ್ನೇ ದೂರಿಕೊಂಡು ಎದ್ದುಹೋಗುತ್ತಾರೆ. ತಪ್ಪು ಅವರದಲ್ಲ, ಭರವಸೆಯದು.

ದಿನಕ್ಕೆ 15 ನಿಮಿಷ ಕೊಡಬಲ್ಲವರು ಹೀಗೆ ಶುರು ಮಾಡಬಹುದು.

- ಕೈ ಇಡುವ ರೀತಿ: ಅಂಗೈಯಲ್ಲಿ ಸಣ್ಣ ಮೂಸಂಬಿ ಹಿಡಿದಂತೆ ಬೆರಳುಗಳು ಬಾಗಿರಲಿ. ಬಲಗೈಯಲ್ಲಿ ಹೆಬ್ಬೆರಳು, ನಡುಬೆರಳು, ಕಿರುಬೆರಳು. ಎಡಗೈಯಲ್ಲೂ ಅವೇ ಮೂರು, ಆದರೆ ಎಡತುದಿಗೆ ಕಿರುಬೆರಳು ಬರುತ್ತದೆ.
- ಮೊದಲ ಮೂರು ದಿನ: ಸಿ, ಎಫ್, ಜಿ ಮಾತ್ರ. ಕೈ ತೊಡೆಯ ಮೇಲಿಟ್ಟುಕೊಳ್ಳಿ, ಒಂದು ಹೆಸರು ಹೇಳಿ, ಆಮೇಲೆ ಕೈ ಇಳಿಸಿ. ಮೂರು ಸ್ವರವೂ ಒಂದೇ ಕ್ಷಣಕ್ಕೆ ಕೇಳಬೇಕು.
- ನಂತರದ ನಾಲ್ಕು ದಿನ: ಒಂದರಿಂದ ಇನ್ನೊಂದಕ್ಕೆ ಹೋಗುವುದು. ನಾಲ್ಕು ಎಣಿಕೆ ಸಿ, ನಾಲ್ಕು ಎಣಿಕೆ ಎಫ್, ನಾಲ್ಕು ಎಣಿಕೆ ಜಿ, ಮತ್ತೆ ಸಿ. ತಾಳ ತಪ್ಪುತ್ತಿದ್ದರೆ ಎಣಿಕೆಯನ್ನೇ ನಿಧಾನ ಮಾಡಿ.
- ಎರಡನೇ ವಾರ: ಅವೇ ಕಾರ್ಡ್‌ಗಳು, ಕಡಿಮೆ ಓಡಾಟ. ಎಫ್ ಕಾರ್ಡನ್ನು ಸಿ-ಎಫ್-ಎ ಎಂದೂ, ಜಿ ಕಾರ್ಡನ್ನು ಬಿ-ಡಿ-ಜಿ ಎಂದೂ ಹಿಡಿಯಬಹುದು. ಸ್ವರಗಳು ಅವೇ, ಕೆಳಗಿನಿಂದ ಬರುವ ಕ್ರಮ ಮಾತ್ರ ಬೇರೆ. ಸಿಯಿಂದ ಎಫ್‌ಗೆ ಹೋಗುವಾಗ ಹೆಬ್ಬೆರಳು ಕದಲಬೇಕಿಲ್ಲ, ಸಿಯಿಂದ ಜಿಗೆ ಹೋಗುವಾಗ ಕಿರುಬೆರಳು ಕದಲಬೇಕಿಲ್ಲ.
- ಮೂರನೇ ವಾರದಿಂದ: ಡಿ, ಇ, ಎ. ಇವು ಕೂತ ಮೇಲೆ ಕಪ್ಪು ಕೀಗಳಿಂದ ಶುರುವಾಗುವವು.

ಮೊದಲು ಸಿ, ಎಫ್, ಜಿ ಏಕೆ? ಅವು ಮೂರರಲ್ಲಿ ಬರುವ ಸ್ವರಗಳನ್ನು ಒಟ್ಟು ಹಾಕಿ ನೋಡಿ: ಸಿ, ಡಿ, ಇ, ಎಫ್, ಜಿ, ಎ, ಬಿ. ಏಳೂ ಬಿಳಿ ಕೀಗಳು ಬಂದವು. ಹಾಗಾಗಿ ಬಿಳಿ ಕೀಗಳ ಮೇಲಷ್ಟೇ ನಡೆಯುವ ರಾಗದ ಯಾವ ಸ್ವರಕ್ಕೂ ಈ ಮೂರರಲ್ಲಿ ಒಂದಾದರೂ ಜತೆ ನಿಲ್ಲುತ್ತದೆ. ಎಷ್ಟೋ ಸರಳ ಹಾಡುಗಳಿಗೆ ಇಷ್ಟೇ ಸಾಕು. ಆದರೆ ಗಮಕ ತುಂಬಿದ ರಾಗಗಳಿಗೆ ಈ ಉಪಾಯ ಹೊಂದುವುದಿಲ್ಲ. ಅಲ್ಲಿ ಸ್ವರ ಒಂದೆಡೆ ನಿಲ್ಲುವುದೇ ಇಲ್ಲ, ಕಾರ್ಡ್ ನಿಂತೇ ಇರುತ್ತದೆ.

ಒಂದು ಎಚ್ಚರಿಕೆ. ಬೆರಳು ದಣಿಯುವುದು ಸಹಜ, ನೋಯುವುದು ಸಹಜವಲ್ಲ. ಮಣಿಕಟ್ಟಿನಲ್ಲಿ ನೋವು, ಬೆರಳಲ್ಲಿ ಜೋಮು ಬಂದರೆ ಅಂದಿಗೆ ನಿಲ್ಲಿಸಿ. ಬಿಟ್ಟ ಮೇಲೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಹೇಳಿಕೆ 5: ‘ವಯಸ್ಸು ಮೀರಿದರೆ, ಬೆರಳು ಗಿಡ್ಡವಿದ್ದರೆ ಆಗದು’

ಸುಳ್ಳು. ಇದರ ಹಿಂದೆ ಒಂದು ಸಣ್ಣ ನಿಜ ಇದೆ, ಅದನ್ನು ಹಿಗ್ಗಿಸಲಾಗಿದೆ. ಯಾವ ಆಧಾರವೂ ಇಲ್ಲದೆ, ಕೇಳಿದ ಕೂಡಲೇ ‘ಇದು ಎಫ್ ಶಾರ್ಪ್’ ಎಂದು ಹೇಳಬಲ್ಲ ಶಕ್ತಿ ಕೆಲವರಿಗಿರುತ್ತದೆ. ಅದು ಹೆಚ್ಚಾಗಿ ಕಾಣುವುದು ತೀರಾ ಎಳೆಯ ವಯಸ್ಸಿನಲ್ಲೇ ಸಂಗೀತ ಶುರು ಮಾಡಿದವರಲ್ಲಿ. ಆದರೆ ಕಾರ್ಡ್ ನುಡಿಸಲು ಆ ಶಕ್ತಿ ಬೇಕಿಲ್ಲ. ನಮ್ಮ ಗಾಯಕರೂ ಆಧಾರ ಶ್ರುತಿ ಹಿಡಿದೇ ಹಾಡುತ್ತಾರೆ. ಮೊದಲ ಸ್ವರ ಕೇಳಿದ ಮೇಲೆ ಉಳಿದದ್ದನ್ನು ಅದರ ಲೆಕ್ಕದಲ್ಲಿ ಗುರುತಿಸಿದರೆ ಸಾಕು, ಇದನ್ನು ದೊಡ್ಡವರೂ ಕಲಿಯಬಲ್ಲರು.

2007ರಲ್ಲಿ ಜೆನಿಫರ್ ಬ್ಯೂಗೋಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಆರು ತಿಂಗಳು ಪಿಯಾನೋ ಪಾಠ ಕಲಿತವರು 60ರಿಂದ 85 ವರ್ಷದ ಹಿರಿಯರು. ಗಮನ ಮತ್ತು ನೆನಪಿಗೆ ಸಂಬಂಧಿಸಿದ ಕೆಲವು ಪರೀಕ್ಷೆಗಳಲ್ಲಿ ಅವರು ಸುಧಾರಿಸಿದರು. ಇದು ಸಣ್ಣ ಅಧ್ಯಯನ, ಭಾಗವಹಿಸಿದವರು ಕೆಲವೇ ಜನ. ‘ಪಿಯಾನೋ ನುಡಿಸಿದರೆ ಮರೆವಿನ ಕಾಯಿಲೆ ಬರುವುದಿಲ್ಲ’ ಎಂದು ಇದರಿಂದ ಹೇಳಲಾಗದು. ಆದರೆ ಆ ವಯಸ್ಸಿನವರು ಕಲಿಯಬಲ್ಲರು ಎನ್ನುವುದಕ್ಕೆ ಇದು ಸಾಕು. ಮಕ್ಕಳಿಗಿಂತ ನಿಧಾನವಾಗಬಹುದು. ಆದರೆ ಯಾಕೆ ಕಲಿಯುತ್ತಿದ್ದೇವೆ ಎಂದು ಹಿರಿಯರಿಗೆ ಗೊತ್ತಿರುತ್ತದೆ, ಅದೇನೂ ಸಣ್ಣ ಅನುಕೂಲವಲ್ಲ.

ಬೆರಳಿನ ಉದ್ದದ ಮಾತು ಇನ್ನೂ ಸುಲಭವಾಗಿ ಬಗೆಹರಿಯುತ್ತದೆ. ಪೂರ್ಣ ಗಾತ್ರದ ಬಿಳಿ ಕೀ ಸುಮಾರು 23.5 ಮಿಲಿಮೀಟರ್ ಅಗಲ. ಸಿಯಿಂದ ಜಿವರೆಗೆ ಐದು ಬಿಳಿ ಕೀಗಳು, ಒಟ್ಟು ಸುಮಾರು 12 ಸೆಂಟಿಮೀಟರ್. ನೀವು ಈ ಲೇಖನ ಓದುತ್ತಿರುವ ಫೋನಿನ ಉದ್ದ ಬಹುಶಃ ಇದಕ್ಕಿಂತ ಹೆಚ್ಚು. ಚಾಚಿದ ಹೆಬ್ಬೆರಳು, ಕಿರುಬೆರಳುಗಳ ನಡುವೆ ಇಷ್ಟು ಅಂತರ ಸಿಗದ ದೊಡ್ಡವರು ಅಪರೂಪ. ಆದರೆ ಮಕ್ಕಳ ಆಟಿಕೆ ಕೀಬೋರ್ಡಿನ ಕೀಗಳು ಕಿರಿದಾಗಿರುತ್ತವೆ. ಅದರಲ್ಲಿ ಕಲಿತ ಕೈ ದೊಡ್ಡ ಕೀಬೋರ್ಡಿಗೆ ಹೋದಾಗ ಮತ್ತೆ ಹೊಂದಿಕೊಳ್ಳಬೇಕಾಗುತ್ತದೆ. ಫೋನಿನ ಆ್ಯಪ್‌ಗೂ ಇದೇ ಮಾತು: ಸ್ವರಗಳನ್ನು ಹುಡುಕಲು ಅದು ಸಾಕು, ಕೈ ಪಳಗಲು ಸಾಲದು.

ಹೇಳಿಕೆ 6: ‘432 ಹರ್ಟ್ಸ್‌ಗೆ ಶ್ರುತಿ ಮಾಡಿದರೆ ರೋಗ ವಾಸಿ’

ಈಗ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಪಿಯಾನೋದ ನಡುವಣ ಸಿಗೆ ಮೇಲಿರುವ ಎ ಸ್ವರ 440 ಹರ್ಟ್ಸ್, ಎಂದರೆ ಸೆಕೆಂಡಿಗೆ 440 ಕಂಪನ. 1939ರಲ್ಲಿ ಲಂಡನ್ನಿನ ಸಮ್ಮೇಳನವೊಂದು ಇದನ್ನು ಶಿಫಾರಸು ಮಾಡಿತು. ಅದಕ್ಕೂ ಮುಂಚೆ, 1859ರಲ್ಲಿ, ಫ್ರಾನ್ಸ್ 435 ಎಂದು ನಿಗದಿ ಮಾಡಿತ್ತು. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಲೆಕ್ಕ ಇದ್ದುದರಿಂದ ವಾದ್ಯಗಳು ಒಂದಕ್ಕೊಂದು ಹೊಂದಲೆಂದು ಮಾಡಿಕೊಂಡ ಒಪ್ಪಂದ ಇದು. 432 ರೋಗ ವಾಸಿ ಮಾಡುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ.

‘ಇದು ನಮ್ಮ ಋಷಿಗಳ ಶ್ರುತಿ’ ಎನ್ನುವ ಮಾತೂ ನಿಲ್ಲುವುದಿಲ್ಲ. ಭಾರತೀಯ ಸಂಗೀತದಲ್ಲಿ ಷಡ್ಜಕ್ಕೆ ನಿಗದಿಯಾದ ಸಂಖ್ಯೆಯೇ ಇಲ್ಲ. ಪ್ರತಿಯೊಬ್ಬರೂ ತಮ್ಮ ಕಂಠಕ್ಕೆ ಹೊಂದುವ ಶ್ರುತಿ ಇಟ್ಟುಕೊಳ್ಳುತ್ತಾರೆ. ಇಡೀ ಕೀಬೋರ್ಡನ್ನು 432ಕ್ಕೆ ಇಳಿಸಿದರೂ ಕಾರ್ಡಿನ ಸ್ವರಗಳ ನಡುವಣ ಅಂತರ ಬದಲಾಗುವುದಿಲ್ಲ, 4 + 3 ಹಾಗೇ ಇರುತ್ತದೆ. ಸಂಗೀತ ಮನಸ್ಸಿಗೆ ನೆಮ್ಮದಿ ಕೊಡುತ್ತದೆ ಎಂಬುದು ಬೇರೆ ಮಾತು, ಅದಕ್ಕೆ ಯಾವ ಮಾಂತ್ರಿಕ ಸಂಖ್ಯೆಯೂ ಬೇಕಿಲ್ಲ. ಆದರೆ ಅದನ್ನು ನಂಬಿ ಔಷಧ ನಿಲ್ಲಿಸಬೇಡಿ.

ಹಾಗಾದರೆ ಅಟ್ಟದ ಮೇಲಿನ ಕೀಬೋರ್ಡ್?

ಕೆಳಗಿಳಿಸಿ. ಧೂಳು ಒರೆಸಿ, ಬ್ಯಾಟರಿ ಅಥವಾ ಅಡಾಪ್ಟರ್ ನೋಡಿ, ಎರಡು ಕಪ್ಪು ಕೀಗಳ ಎಡಕ್ಕಿರುವ ಸಿಯನ್ನು ಹುಡುಕಿ. ಮೊದಲ ಕಾರ್ಡ್ ಐದು ನಿಮಿಷದೊಳಗೇ ಕೇಳುತ್ತದೆ, ಫಾರ್ವರ್ಡಿನ ಅಷ್ಟು ಮಾತು ನಿಜ. ಮೂರು ಕಾರ್ಡ್‌ಗಳ ನಡುವೆ ಕೈ ತಡವರಿಸದೆ ಓಡಾಡಲು ಕೆಲವು ವಾರ ಬೇಕು. 12ಕ್ಕೂ ಒಗ್ಗಿಕೊಳ್ಳಲು ಕೆಲವು ತಿಂಗಳು ಹಿಡಿದರೂ ಅದು ಹಿನ್ನಡೆಯಲ್ಲ, ಕಲಿಕೆಯ ಮಾಮೂಲಿ ವೇಗ.

ಇನ್ನು ಮಕ್ಕಳನ್ನು ‘ಇಂದೇ ಸೇರಿಸಿ’ ಎಂಬ ಸಂದೇಶ ನೋಡಿ ಹಣ ಕಟ್ಟಲು ಹೊರಟವರಿಗೆ ನಮ್ಮ ಸಲಹೆ ಇಷ್ಟೇ. ಮಗುವಿಗೆ ಇಷ್ಟವಿದ್ದರೆ ಸೇರಿಸಿ, ಗಡುವು ಮುಗಿಯುತ್ತದೆ ಎಂಬ ಭಯದಿಂದ ಬೇಡ. ಮುಂದಿನ ಸಲ ಇಂಥ ಸಂದೇಶ ಬಂದಾಗ ಕಳುಹಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಏನನ್ನಾದರೂ ಕಲಿಸುತ್ತಿದೆಯೇ, ಅಥವಾ ಅವಸರವನ್ನೋ ಹೆದರಿಕೆಯನ್ನೋ ಹಂಚುತ್ತಿದೆಯೇ? 4 + 3 ಎಂಬ ಸೂತ್ರವನ್ನು ಧಾರಾಳವಾಗಿ ಹಂಚಿ. ಐದು ನಿಮಿಷ, ಹತ್ತು ವರ್ಷ ಎಂಬ ಗಡುವುಗಳನ್ನು ಅಳಿಸಿ ಹಂಚಿ.